ಹೊಗೆಸೊಪ್ಪಿನ ಧೂಳಿನಲ್ಲಿ ನಿಂತ ಕ್ಯಾಮೆರಾ

ಸ್ವತಂತ್ರ ಸಾಕ್ಷ್ಯಚಿತ್ರಕಾರ್ತಿ ದೀಪಾ ಧನರಾಜ್ ಅವರ ನಾಲ್ಕು ದಶಕಗಳ ಕಾಯಕ, ಮತ್ತು ಹಾಸನ ಸೀಮೆಗೆ ಅದರಿಂದ ದೊರೆಯುವ ಪಾಠ

ಅರಕಲಗೂಡು ತಾಲ್ಲೂಕಿನ ರಾಮನಾಥಪುರವೆಂದೊಡನೆ ಹಿರಿಯರ ನೆನಪಿಗೆ ಮೊದಲು ಬರುವುದು ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳು, ಸುಬ್ರಹ್ಮಣ್ಯನ ಷಷ್ಠಿಯ ತೇರು. ಬೇಸಾಯಗಾರನ ನೆನಪಿಗೆ ಬರುವುದಾದರೋ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಹರಾಜಿನ ದಿನಗಳಲ್ಲಿ ಕೆ.ಜಿ.ಗೆ ಎಷ್ಟು ಕೂಗಿದರು, ಯಾರ ಬೇಲು ಮಾರಾಟವಾಗದೆ ಉಳಿಯಿತು ಎಂಬ ವರ್ತಮಾನವು ಹೊಳೆನರಸೀಪುರದ ಬಸ್ ನಿಲ್ದಾಣದವರೆಗೂ ಮುಟ್ಟುತ್ತದೆ, ಪತ್ರಿಕೆಗಳಲ್ಲಿಯೂ ಅಚ್ಚಾಗುತ್ತದೆ. ಆದರೆ ಹೊಲದಿಂದ ಮುರಿದು ತಂದ ಹಸಿಯೆಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನ ಅಂತಸ್ತುಗಳಲ್ಲಿ ತೂಗಹಾಕಿ, ಸೌದೆಯ ಕಾವಿನಲ್ಲಿ ದಿನಗಟ್ಟಲೆ ಹದಗೊಳಿಸಿ, ಹೊಂಬಣ್ಣಕ್ಕೆ ತಿರುಗಿದ ಸೊಪ್ಪನ್ನು ಬಣ್ಣ ಗುಣಗಳ ಮೇಲೆ ವಿಂಗಡಿಸಿ ಬೇಲು ಕಟ್ಟುವವರೆಗೆ ಆ ಬೆಳೆಯ ಮೇಲೆ ಎಷ್ಟು ಹೆಂಗಸರ ಕೈ ಆಡುತ್ತದೆಂಬುದನ್ನು, ಆ ಬೆರಳುಗಳಿಗೆ ಅಂಟಿದ ಕಪ್ಪು ಜಿಗುಟು ಊಟಕ್ಕೆ ಕೂತಾಗಲೂ ಪೂರಾ ಬಿಡುವುದಿಲ್ಲವೆಂಬುದನ್ನು ಬರೆದವರು ವಿರಳ. ಚಿತ್ರಿಸಿದವರು ಇನ್ನೂ ವಿರಳ.

ಇದೇ ರಾಜ್ಯದ ಉತ್ತರದ ಅಂಚಿನಲ್ಲಿ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ, ಬೀಡಿಯ ತಂಬಾಕನ್ನು ಕುಟ್ಟಿ ಜರಡಿಯಾಡಿಸುವ ಹೆಂಗಸರ ನಡುವೆ ನಾಲ್ಕು ದಶಕಗಳ ಹಿಂದೆ ಒಂದು ಕ್ಯಾಮೆರಾ ನಿಂತಿತ್ತು. ಅದನ್ನು ಅಲ್ಲಿಗೆ ಕೊಂಡೊಯ್ದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ನೆಲೆಸಿ ಕೆಲಸ ಮಾಡುತ್ತ ಬಂದ ದೀಪಾ ಧನರಾಜ್. ಅವರು ಮಾಡಿದ ಚಿತ್ರಗಳಿಗೆ ಊರ ಗೋಡೆಗಳ ಮೇಲೆ ಭಿತ್ತಿಪತ್ರಗಳು ಮೆರೆದುದಿಲ್ಲ, ಶತದಿನೋತ್ಸವಗಳು ಜರುಗಿದುದಿಲ್ಲ. ಆದರೂ ಭಾರತದಲ್ಲಿ ಸಾಕ್ಷ್ಯಚಿತ್ರವೆಂಬ ಪ್ರಕಾರವು ಸರಕಾರದ ಅಂಗಳದಿಂದ ಹೊರಬಂದು ಸ್ವಂತ ಕಾಲ ಮೇಲೆ ನಿಂತ ಚರಿತ್ರೆಯನ್ನು ಬರೆಯುವವರು ಆ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಆ ವೃತ್ತಿಜೀವನವನ್ನು ಸಾವಧಾನವಾಗಿ ಅವಲೋಕಿಸಿದರೆ ದೊರೆಯುವ ತಿಳಿವಳಿಕೆ ಇದು: ಚಿತ್ರಕಾರರ ಸ್ವಾತಂತ್ರ್ಯವೆಂದರೆ ತಾವು ಯಾರಿಗೆ ಉತ್ತರ ಹೇಳಬೇಕೆಂಬುದನ್ನು ತಾವೇ ನಿಶ್ಚಯಿಸಿಕೊಳ್ಳುವ ಹಕ್ಕು.

ಸರಕಾರದ ರೀಲು, ಪ್ರೇಕ್ಷಕನ ಬೀಡಿ

ಚನ್ನರಾಯಪಟ್ಟಣದಲ್ಲಿಯೋ ಹೊಳೆನರಸೀಪುರದಲ್ಲಿಯೋ ಟೆಂಟಿನ ನೆಲದ ಮೇಲೆ ಕುಳಿತು ಸಿನಿಮಾ ನೋಡಿದ ತಲೆಮಾರಿಗೆ ಸಾಕ್ಷ್ಯಚಿತ್ರವೆಂದರೆ ಕಥೆ ಆರಂಭವಾಗುವ ಮುನ್ನ ಬರುತ್ತಿದ್ದ ‘ನ್ಯೂಸ್ ರೀಲು’. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ತಯಾರಿಸುತ್ತಿದ್ದ ವಾರ್ತಾಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ದೇಶದ ಪ್ರತಿಯೊಂದು ಚಿತ್ರಮಂದಿರವು ಕಡ್ಡಾಯವಾಗಿ ತೋರಿಸಬೇಕಾಗಿದ್ದಿತು, ಅದಕ್ಕಾಗಿ ಬಾಡಿಗೆಯನ್ನೂ ತೆರಬೇಕಾಗಿದ್ದಿತು. ಅಣೆಕಟ್ಟು, ಪಂಚವಾರ್ಷಿಕ ಯೋಜನೆ, ಪ್ರವಾಹ, ಗಣ್ಯರ ಆಗಮನ, ಕೊನೆಗೆ ಕ್ರಿಕೆಟ್ಟು: ಇಷ್ಟನ್ನೂ ಗಂಭೀರವಾದ ಒಂದು ಗಂಡುದನಿಯು ವಿವರಿಸಿ ಮುಗಿಸುವವರೆಗೆ ಹೊರಗೆ ನಿಂತು ಬೀಡಿ ಸೇದಿ, ನಿಜವಾದ ಸಿನಿಮಾ ಶುರುವಾಯಿತೆಂಬ ಕೂಗು ಕೇಳಿದ ಮೇಲೆ ಒಳಬರುವುದು ಅನೇಕರ ಪದ್ಧತಿಯಾಗಿದ್ದಿತು. ಆ ಸಂಸ್ಥೆಯಲ್ಲಿ ಪ್ರತಿಭಾವಂತರು ಇರಲಿಲ್ಲವೆಂದಲ್ಲ. ಉತ್ತಮ ಚಿತ್ರಗಳು ಅಲ್ಲಿಂದ ಬಂದಿವೆ. ಆದರೆ ಹೇಳುವವನು ಮೇಲೆ, ಕೇಳುವವನು ಕೆಳಗೆ ಎಂಬ ವ್ಯವಸ್ಥೆಯು ಆ ಚಿತ್ರಗಳ ಹುಟ್ಟಿನಲ್ಲಿಯೇ ಸೇರಿಕೊಂಡಿದ್ದಿತು. ತೆರೆಯ ಮೇಲಿನ ರೈತನಾಗಲಿ ಕೂಲಿಯ ಹೆಂಗಸಾಗಲಿ ಮಾತಾಡುತ್ತಿದ್ದುದು ಅಪೂರ್ವ. ಹೊರಗೆ ಸುಡುತ್ತಿದ್ದ ಬೀಡಿಯೊಳಗಿನ ಪುಡಿಯನ್ನು ನಿಪ್ಪಾಣಿಯಂಥ ಊರುಗಳಲ್ಲಿ ಜರಡಿಯಾಡಿಸಿದವರು ಯಾರೆಂಬುದು ಒಳಗಿನ ತೆರೆಯ ಮೇಲೆ ಎಂದೂ ಬರಲಿಲ್ಲ.

ತುರ್ತುಪರಿಸ್ಥಿತಿ ಮುಗಿದ ಮೇಲಿನ ವರ್ಷಗಳಲ್ಲಿ ಈ ವ್ಯವಸ್ಥೆಗೆ ಹೊರಗಾಗಿ ಚಿತ್ರ ಮಾಡುವ ಒಂದು ಪೀಳಿಗೆಯೇ ಹುಟ್ಟಿಕೊಂಡಿತು. ಮುಂಬಯಿಯಲ್ಲಿ ಆನಂದ ಪಟವರ್ಧನ್ ಆ ದಾರಿಯಲ್ಲಿದ್ದರೆ, ಬೆಂಗಳೂರಿನಲ್ಲಿ 1980ರಲ್ಲಿ ‘ಯುಗಾಂತರ್’ ಎಂಬ ಸಂಘಟನೆ ರೂಪುಗೊಂಡಿತು. ಆಭಾ ಭೈಯಾ, ದೀಪಾ ಧನರಾಜ್, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರ್ಯಾಕ್ಟರ್, ಈ ನಾಲ್ವರು ಅದರ ಆಧಾರಸ್ತಂಭಗಳು. ಮಣಿ ಕೌಲರ ‘ದುವಿಧಾ’ಕ್ಕೆ ಕ್ಯಾಮೆರಾ ಹಿಡಿದು ಆಗಲೇ ಕೀರ್ತಿ ಪಡೆದಿದ್ದ ನವರೋಜ್, ದೀಪಾ ಅವರ ಬಾಳಸಂಗಾತಿಯಾಗಿ ಮುಂದೆಯೂ ಅವರ ಹಲವು ಚಿತ್ರಗಳನ್ನು ಸೆರೆಹಿಡಿದರು, 2023ರ ಜೂನಿನಲ್ಲಿ ರಸ್ತೆ ಅಪಘಾತವೊಂದರಲ್ಲಿ ತೀರಿಕೊಂಡರು.

ಮೊದಲು ಕಿವಿ, ಅನಂತರ ಕಣ್ಣು

ಯುಗಾಂತರದ ಮೊದಲ ಚಿತ್ರ ‘ಮೋಲಕರೀಣ್’ (1981), ಪುಣೆಯಲ್ಲಿ ಮನೆಗೆಲಸದ ಹೆಂಗಸರು ಸಂಘ ಕಟ್ಟಿಕೊಂಡ ಸಂಗತಿಯನ್ನು ಕುರಿತದ್ದು. ಎರಡನೆಯದೇ ನಿಪ್ಪಾಣಿಯ ‘ತಂಬಾಕು ಚಾಕಿಲಾ ಊಬ್ ಆಲಿ’ (1982). ನಿಪ್ಪಾಣಿಯ ಹೆಸರು ಆಗ ಪತ್ರಿಕೆಗಳಲ್ಲಿ ಇಲ್ಲದಿರಲಿಲ್ಲ: 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತು ಬೆಲೆ ಕೇಳಿದುದೂ, ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡುದೂ ನಮ್ಮ ರೈತ ಚಳವಳಿಯ ಇತಿಹಾಸದಲ್ಲಿ ದಾಖಲಾಗಿವೆ. ಆದರೆ ಹೊಲದಿಂದ ಬಂದ ಸೊಪ್ಪು ವ್ಯಾಪಾರಿಯ ಕಾರ್ಖಾನೆಯ ಬಾಗಿಲು ದಾಟಿ ಒಳಹೊಕ್ಕ ಮೇಲೆ ಅಲ್ಲಿ ದುಡಿಯುತ್ತಿದ್ದ ಸಾವಿರಾರು ಹೆಂಗಸರು, ತುಸು ಮೊದಲೇ ತಮ್ಮದೇ ಸಂಘ ಕಟ್ಟಿ ಮುಷ್ಕರ ಹೂಡಿದ್ದವರು, ಹೊರಗಿನ ಲೋಕದ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ.

ಅಲ್ಲಿಗೆ ಹೋದ ತಂಡವು ಕ್ಯಾಮೆರಾ ಬಿಚ್ಚುವ ಮುನ್ನ ಸುಮಾರು ನಾಲ್ಕು ತಿಂಗಳ ಕಾಲ ಆ ಹೆಂಗಸರ ಮಾತನ್ನು ಕೇಳಿಸಿಕೊಂಡಿತು. ಏನನ್ನು ತೋರಿಸಬೇಕು, ಯಾವ ಕ್ರಮದಲ್ಲಿ ತೋರಿಸಬೇಕು ಎಂಬ ವಿಷಯದಲ್ಲಿ ಕಾರ್ಮಿಕರ ಅಭಿಪ್ರಾಯಕ್ಕೆ ಮನ್ನಣೆಯಿದ್ದಿತು; ಮುಷ್ಕರಕ್ಕೆ ಮೊದಲಿನ ಸಭೆಗಳನ್ನು ಅವರೇ ಮತ್ತೆ ನಡೆಸಿ ತೋರಿದರು. ಚಿತ್ರದ ಅವಧಿ ಸುಮಾರು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿಯೇ ನೋಡುವವನ ಗಂಟಲು ಒಣಗುವಂತೆ ಮಾಡುವ ಶಕ್ತಿ ಅದಕ್ಕಿದೆ: ಮಂದವಾದ ಬೆಳಕು, ಆ ಬೆಳಕನ್ನೂ ನುಂಗುವಂತೆ ಎದ್ದ ತಂಬಾಕಿನ ಧೂಳು, ಒಂದೇ ಲಯದಲ್ಲಿ ಅತ್ತಿತ್ತ ಓಲಾಡುವ ಜರಡಿಗಳು, ಇವುಗಳ ಮೇಲೆ ತಮ್ಮ ಕಥೆಯನ್ನು ತಾವೇ ನಿರೂಪಿಸುವ ಹೆಂಗಸರ ದನಿ. ಟೆಂಟಿನ ಆ ಗಂಡುದನಿಗೆ ಇಲ್ಲಿ ಪ್ರವೇಶವಿಲ್ಲ.

ಇಷ್ಟು ದೀರ್ಘವಾದ ಶ್ರವಣಕ್ಕೆ ನೈತಿಕವಾದ ಕಾರಣದೊಡನೆ ಭೌತಿಕವಾದ ಕಾರಣವೂ ಇದ್ದಿತು. ಅಂದಿನ 16 ಎಂ.ಎಂ. ಫಿಲ್ಮಿನ ನಾನೂರು ಅಡಿಯ ಒಂದು ಸುರುಳಿ ಓಡುವುದು ಹನ್ನೊಂದು ನಿಮಿಷ ಮಾತ್ರ. ಸುರುಳಿಗೂ ಹಣ, ಅದನ್ನು ಸಂಸ್ಕರಿಸುವ ಪ್ರಯೋಗಾಲಯಕ್ಕೂ ಹಣ, ಪ್ರತಿ ತೆಗೆಯುವುದಕ್ಕೂ ಹಣ. ತೆಗೆದುದನ್ನು ಅಲ್ಲಿಯೇ ನೋಡಿ ಅಳಿಸಿ ಮತ್ತೆ ತೆಗೆಯುವ ಸೌಕರ್ಯ ಇರಲಿಲ್ಲ. ಆದುದರಿಂದ ಗುಂಡಿ ಒತ್ತುವ ಮುನ್ನವೇ, ಎದುರಿಗಿರುವವರು ಏನು ಹೇಳಲಿದ್ದಾರೆ, ಏಕೆ ಹೇಳಲಿದ್ದಾರೆ, ಹೇಳಿದ ಮರುದಿನ ಅವರಿಗೆ ಏನಾಗಬಹುದು ಎಂಬುದೆಲ್ಲ ತಿಳಿದಿರಬೇಕಾಗಿದ್ದಿತು. ಇಂದು ಅಂಗೈಯಗಲದ ಮೊಬೈಲು ಗಂಟೆಗಟ್ಟಲೆ ಚಿತ್ರಿಸಬಲ್ಲದು. ಈ ಅನುಕೂಲವನ್ನು ಹಳಿಯಬೇಕಾದುದಿಲ್ಲ. ಆದರೆ ಫಿಲ್ಮಿನ ಅಭಾವವು ಅಂದಿನವರಿಗೆ ಬಲವಂತವಾಗಿ ಕಲಿಸಿದ ಸಂಯಮವನ್ನು ಇಂದಿನವರು ಸ್ವಪ್ರಯತ್ನದಿಂದಲೇ ಸಂಪಾದಿಸಬೇಕಾಗಿದೆ.

ಚಿತ್ರ ಮುಗಿದೊಡನೆ ಕೆಲಸ ಮುಗಿಯುತ್ತಿರಲಿಲ್ಲ. ಪ್ರೊಜೆಕ್ಟರನ್ನು ಹೊತ್ತೊಯ್ದು ಕಾರ್ಮಿಕರ ಬೀದಿಗಳಲ್ಲಿ, ಹಳ್ಳಿಗಳಲ್ಲಿ, ಕಾಲೇಜುಗಳಲ್ಲಿ, ಮಹಿಳಾ ಸಂಘಗಳಲ್ಲಿ ತೋರಿಸುವುದು, ದೀಪ ಹಾಕಿದ ಮೇಲೆ ನಡೆಯುವ ಮಾತುಕತೆಗೆ ಕುಳಿತಿರುವುದು ಅದರ ಉತ್ತರಾರ್ಧವಾಗಿದ್ದಿತು. ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ ಕೂಡಿ ಮನೆಯೊಳಗಿನ ಹಿಂಸೆಯನ್ನು ಕುರಿತು ಮಾಡಿದ ತೆಲುಗಿನ ‘ಇದಿ ಕಥಾ ಮಾತ್ರಮೇನಾ’ (1983), ಚಿಪ್ಕೋ ಚಳವಳಿಯ ಹಳ್ಳಿಗಾಡಿನ ಹೆಣ್ಣುಮಗಳೊಬ್ಬಳನ್ನು ಕುರಿತ ‘ಸುದೇಶಾ’ (1983), ಇವು ಯುಗಾಂತರದ ಉಳಿದೆರಡು ಕೃತಿಗಳು.

ನಗರದ ಜ್ವರ, ಯೋಜನೆಯ ಸಮರ

1984ರಲ್ಲಿ ಎನ್.ಟಿ. ರಾಮರಾಯರ ಸರಕಾರವನ್ನು ಉರುಳಿಸಿದಾಗ ಅವರ ಶಾಸಕರನ್ನು ಕರ್ನಾಟಕಕ್ಕೆ ಕರೆತಂದು ಇರಿಸಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ರಾಜಕೀಯ ಪ್ರಹಸನ ಇಲ್ಲಿ ನಡೆಯುತ್ತಿದ್ದ ದಿನಗಳಲ್ಲಿಯೇ ಅಲ್ಲಿ ಹೈದರಾಬಾದಿನ ಹಳೆಯ ಪೇಟೆ ಕೋಮುಗಲಭೆಯಿಂದ ಬೇಯುತ್ತಿದ್ದಿತು. ದೀಪಾ ಧನರಾಜ್ ‘ಹೈದರಾಬಾದ್ ಏಕತಾ’ ಎಂಬ ನಾಗರಿಕ ಸಂಘಟನೆಯೊಡನೆ ಅಲ್ಲಿ ಚಿತ್ರೀಕರಿಸಿದ ‘ಕ್ಯಾ ಹುವಾ ಇಸ್ ಶಹರ್ ಕೋ?’ 1986ರಲ್ಲಿ ಸಿದ್ಧವಾಯಿತು. ಮೆರವಣಿಗೆಗಳು, ಮುಖಂಡರ ಭಾಷಣಗಳು, ಕರ್ಫ್ಯೂವಿನಲ್ಲಿ ದಿನಗೂಲಿ ತಪ್ಪಿದ ಮನೆಗಳು ಇವನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸಿ, ಗಲಭೆಯು ಎರಡು ಜನಾಂಗಗಳ ಸಹಜದ್ವೇಷದಿಂದ ತಾನಾಗಿ ಉಕ್ಕುವುದೆಂಬ ಸುಲಭ ನಂಬಿಕೆಯನ್ನು ಅದು ಪ್ರಶ್ನಿಸಿತು. ದ್ವೇಷವನ್ನು ಬಿತ್ತಿ, ನೀರೆರೆದು, ಚುನಾವಣೆಯ ಹೊತ್ತಿಗೆ ಕೊಯ್ಲು ಮಾಡುವ ವ್ಯವಸಾಯವನ್ನು ಬಯಲಿಗೆಳೆಯಿತು.

ಬ್ರಿಟನ್ನಿನ ಚಾನೆಲ್ 4 ದೂರದರ್ಶನಕ್ಕಾಗಿ ಮಾಡಿದ ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಅವರ ಹೆಸರನ್ನು ದೇಶಾಂತರಗಳಿಗೆ ಒಯ್ದಿತು. ಭಾರತದ ಕುಟುಂಬಯೋಜನೆಯು ಗುರಿಸಂಖ್ಯೆಗಳ ಬೆನ್ನು ಹತ್ತಿ, ಬಡ ಹೆಂಗಸಿನ ದೇಹವನ್ನೇ ರಣಾಂಗಣವಾಗಿಸಿದ ಪರಿಯನ್ನು ಅದು ತೋರಿಸುತ್ತದೆ. ಸಂತಾನಹರಣ ಚಿಕಿತ್ಸೆಯನ್ನು ತಾನು ಎಷ್ಟು ಶೀಘ್ರವಾಗಿ ಮುಗಿಸಬಲ್ಲೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ವೈದ್ಯರೊಬ್ಬರು ಅದರಲ್ಲಿ ಬರುತ್ತಾರೆ. ಕ್ಯಾಮೆರಾ ಅವರನ್ನು ಅಡ್ಡಗಟ್ಟುವುದಿಲ್ಲ, ಛೇಡಿಸುವುದಿಲ್ಲ. ಅವರು ಮಾತಾಡುತ್ತಿರುವಂತೆಯೇ ಸಾಲಾಗಿ ಬಂದು ಮಲಗಿ ಎದ್ದು ಹೋಗುವ ಹೆಂಗಸರನ್ನು ತೋರಿಸುತ್ತದೆ, ತೀರ್ಪನ್ನು ನೋಡುವವರಿಗೆ ಬಿಡುತ್ತದೆ. ಶಿಬಿರಗಳ ಗದ್ದಲದಿಂದ ದೂರದಲ್ಲಿ ಒಟ್ಟಿಗೆ ಕುಳಿತು ತಮ್ಮ ಮೈಯನ್ನೂ ಮುಟ್ಟನ್ನೂ ಬಸಿರನ್ನೂ ಕುರಿತು ನಗುನಗುತ್ತ ಮಾತಾಡುವ ಹೆಂಗಸರ ಗುಂಪೊಂದು ಅದೇ ಚಿತ್ರದ ಇನ್ನೊಂದು ಕಣ್ಣು.

ಅನಂತರದ ದಶಕಗಳಲ್ಲಿ ತಮಿಳುನಾಡಿನ ಮುಸ್ಲಿಂ ಮಹಿಳೆಯರು 2004ರಲ್ಲಿ ತಮ್ಮದೇ ಜಮಾತನ್ನು ಸ್ಥಾಪಿಸಿ ನ್ಯಾಯ ತೀರಿಸಲು ಕುಳಿತ ಕಥನವಾದ ‘ಇನ್‌ವೋಕಿಂಗ್ ಜಸ್ಟಿಸ್’ (2011), 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯದ ಸಂಶೋಧಕ ರೋಹಿತ್ ವೇಮುಲ ಪ್ರಾಣತ್ಯಾಗ ಮಾಡಿದ ಬಳಿಕ ಎದ್ದ ವಿದ್ಯಾರ್ಥಿ ಚಳವಳಿಯನ್ನು ಕುರಿತ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ (2018) ಮೊದಲಾದುವು ಬಂದುವು. ಭಾಷೆ ಬದಲಾಯಿತು, ಊರು ಬದಲಾಯಿತು, ಫಿಲ್ಮು ಹೋಗಿ ಡಿಜಿಟಲ್ ಬಂದಿತು. ಎದುರಿಗೆ ಕುಳಿತವರ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ಮಾತ್ರ ನಿಪ್ಪಾಣಿಯಲ್ಲಿದ್ದಂತೆಯೇ ಉಳಿಯಿತು.

ಹಣ, ಪ್ರಮಾಣಪತ್ರ, ಆಯುಷ್ಯ

ಈ ಹಾದಿಯಲ್ಲಿ ಮೂರು ತೊಡಕುಗಳು ಎಲ್ಲ ಸ್ವತಂತ್ರ ಸಾಕ್ಷ್ಯಚಿತ್ರಕಾರರಿಗೂ ಸಮಾನ. ಮೊದಲನೆಯದು ಹಣ: ಟಿಕೆಟ್ಟಿನಿಂದ ವರಮಾನವಿಲ್ಲದ ಚಿತ್ರಕ್ಕೆ ವಿದೇಶೀ ವಾಹಿನಿ, ದತ್ತಿಸಂಸ್ಥೆ, ಸ್ವಯಂಸೇವಾಸಂಘ, ಸ್ನೇಹಿತರ ಜೇಬು, ಇವುಗಳಲ್ಲಿ ಒಂದನ್ನು ಆಶ್ರಯಿಸದೆ ಗತ್ಯಂತರವಿಲ್ಲ. ಎರಡನೆಯದು ಪ್ರಮಾಣಪತ್ರ: 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಅನ್ವಯ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಮಂಡಳಿಯ ಮುದ್ರೆ ಬೇಕು. ಮುಂಬಯಿಯ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವವು ಭಾರತೀಯ ಚಿತ್ರಗಳಿಗೂ ಆ ಮುದ್ರೆಯನ್ನು ಕೇಳಹೊರಟಾಗ, ದೇಶದ ನಿರ್ಮಾಪಕರು ಒಗ್ಗೂಡಿ 2004ರಲ್ಲಿ ‘ವಿಕಲ್ಪ’ ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು. ಮೂರನೆಯದು, ಎಲ್ಲಕ್ಕಿಂತ ಮೌನವಾಗಿ ಕೊಲ್ಲುವುದು, ಪ್ರತಿಗಳ ಅಳಿವು. ಫಿಲ್ಮು ನಮ್ಮ ಸೆಕೆ ತೇವಗಳಲ್ಲಿ ಬಣ್ಣಗೆಡುತ್ತದೆ, ಹುಳಿವಾಸನೆ ಹಿಡಿದು ಮುರುಟುತ್ತದೆ. ಯುಗಾಂತರದ ಚಿತ್ರಗಳೂ ಹೈದರಾಬಾದಿನ ಚಿತ್ರವೂ ಮರಳಿ ನೋಡುವ ಸ್ಥಿತಿಗೆ ಬಂದುದು ಬರ್ಲಿನ್ನಿನ ಆರ್ಸೆನಾಲ್ ಚಲನಚಿತ್ರ ಸಂಸ್ಥೆಯ ಸಂರಕ್ಷಣಾಕಾರ್ಯದಿಂದ. ನಿಪ್ಪಾಣಿಯ ಹೆಂಗಸರ ದನಿಯನ್ನು ಉಳಿಸಿಕೊಳ್ಳಲು ಜರ್ಮನಿಯ ಭಂಡಾರ ಬೇಕಾಯಿತೆಂಬುದು ಕೃತಜ್ಞತೆಯ ವಿಷಯವೂ ಹೌದು, ನಾವು ನಾಚಬೇಕಾದ ವಿಷಯವೂ ಹೌದು.

ನಮ್ಮ ಸೀಮೆಯಲ್ಲಿ

ಹಾಸನ ಸೀಮೆಯ ತರುಣರಲ್ಲಿ ಇಂದು ಕ್ಯಾಮೆರಾಕ್ಕೆ ಬರವಿಲ್ಲ. ಮದುವೆಯ ಮನೆಗಳ ಮೇಲೆ ಡ್ರೋನು ಹಾರುತ್ತದೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ದೃಶ್ಯಗಳು ಕ್ಷಣಾರ್ಧದಲ್ಲಿ ಲೋಕವನ್ನು ಸುತ್ತುತ್ತವೆ. ಆದರೆ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಲ್ಲಿ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಮುಳುಗಿದ ಶೆಟ್ಟಿಹಳ್ಳಿಯ ಇಗರ್ಜಿಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವವರಲ್ಲಿ, ಅಲ್ಲಿ ಬಾಳಿದವರು ಈಗ ಎಲ್ಲಿದ್ದಾರೆಂದು ವಿಚಾರಿಸುವವರು ಎಷ್ಟು ಮಂದಿ? ಅಂಗಮಾರಿ ತಗುಲಿದ ಆಲೂಗಡ್ಡೆಯ ಹೊಲ, ಚನ್ನರಾಯಪಟ್ಟಣದ ಬಾಡುತ್ತಿರುವ ತೆಂಗಿನ ತೋಟ, ರಾಮನಾಥಪುರದ ಬ್ಯಾರನ್ನುಗಳ ಹೆಂಗಸರು, ಇವೆಲ್ಲವೂ ತಮ್ಮ ಮಾತನ್ನು ಕೇಳುವವರಿಗಾಗಿ ಕಾದಿರುವ ವಿಷಯಗಳೇ.

ಇದನ್ನು ವೃತ್ತಿಯಾಗಿ ಹಿಡಿಯಬಯಸುವವರು ಮುಂಚಿತವಾಗಿ ತಿಳಿದಿರಬೇಕಾದುದು ಇಷ್ಟು: ಜೀವನೋಪಾಯಕ್ಕೆ ಬೇರೆ ದಾರಿಯನ್ನು ನೋಡಿಕೊಳ್ಳಬೇಕಾದೀತು, ಒಂದು ಚಿತ್ರಕ್ಕೆ ವರ್ಷಗಳೇ ಹಿಡಿದಾವು, ಪ್ರಶಸ್ತಿ ಬಂದರೂ ನೆರೆಮನೆಯವರಿಗೆ ತಿಳಿಯದೆ ಹೋದೀತು. ಆದರೆ ತೆಗೆದ ಚಿತ್ರವನ್ನು ಮೊದಲು ಅದರೊಳಗಿರುವವರ ಮುಂದೆಯೇ, ಅವರ ಊರ ಶಾಲೆಯ ಗೋಡೆಯ ಮೇಲೆಯೇ ತೋರಿಸಿ, ಅವರು ಕೇಳಿದ ಪ್ರಶ್ನೆಗೆ ತಲೆ ತಗ್ಗಿಸದೆ ಉತ್ತರ ಕೊಡಬಲ್ಲವರಿಗೆ ಸೆನ್ಸಾರಿನ ಮುದ್ರೆಯೂ ಉತ್ಸವದ ಪದಕವೂ ಎರಡನೆಯ ಮಾತು. ದೀಪಾ ಧನರಾಜರ ನಾಲ್ಕು ದಶಕಗಳು ಆ ಪರೀಕ್ಷೆಯನ್ನು ಮತ್ತೆ ಮತ್ತೆ ತಾವಾಗಿಯೇ ಬರೆದ ದಶಕಗಳು. ಅದೇ ಪರೀಕ್ಷೆಯನ್ನು ಅರಕಲಗೂಡಿನ ಹುಡುಗಿಯೊಬ್ಬಳು ರಾಮನಾಥಪುರದಲ್ಲಿ ಬರೆಯಲು ಕುಳಿತರೆ, ಹರಾಜಿನ ಬೆಲೆಯೊಂದನ್ನೇ ಸುದ್ದಿಯೆಂದು ಓದುತ್ತ ಬಂದ ನಮಗೆಲ್ಲ ಅದು ತಡವಾಗಿ ದೊರೆತ ವಿದ್ಯಾಭ್ಯಾಸವಾದೀತು.