ಬೆಟ್ಟದ ಸವೆತವನ್ನು ಅಳೆಯುವ ಬಗೆ

ಬೆಟ್ಟಕ್ಕೆ ‘ಅಚಲ’ವೆಂಬ ಹೆಸರುಂಟು, ಚಲಿಸದೆ ಇರುವುದು ಎಂದು ಅದರ ಅರ್ಥ. ಹಿಮಾಚಲವೆಂಬ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಭೂಪಟದಲ್ಲಿ ಕಂಡಿದ್ದಾರೆ. ಆದರೆ ಆ ಅಚಲವೂ ಸವೆಯುತ್ತಿದೆ. ಎಷ್ಟು ವೇಗವಾಗಿ ಸವೆಯುತ್ತಿದೆಯೆಂಬುದನ್ನು ವಿಜ್ಞಾನಿಗಳು ಅಳೆಯುವ ಬಗೆಯನ್ನು ಇಲ್ಲಿ ಸರಳವಾಗಿ ವಿವರಿಸಲು ಯತ್ನಿಸುವೆವು.

ಹಿಮನದಿಯೆಂದರೆ ತನ್ನ ಭಾರದಿಂದಲೇ ಮೆಲ್ಲಮೆಲ್ಲನೆ ಕೆಳಕ್ಕೆ ಜರುಗುವ ಮಂಜುಗಡ್ಡೆಯ ರಾಶಿ. ಅದರ ಮೇಲ್ತುದಿಯಲ್ಲಿ ಕಡಿದಾದ ಬಂಡೆಯ ಗೋಡೆಗಳು ನಿಂತಿರುತ್ತವೆ. ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ನೂರಕ್ಕೆ ಸುಮಾರು 9ರಷ್ಟು ಹಿಗ್ಗುವುದು. ಇದರಿಂದ ಬಿರುಕು ಅಗಲವಾಗಿ, ಕಲ್ಲು ಸಡಿಲಗೊಂಡು ಉರುಳುವುದು. ಬಿದ್ದ ಕಲ್ಲುಗಳನ್ನು ಹಿಮನದಿಯು ಹೊತ್ತು ಸಾಗುವುದು. ಎರಡು ಹಿಮನದಿಗಳು ಕೂಡಿದೆಡೆಯಿಂದ ಕೆಳಕ್ಕೆ, ಅವುಗಳ ನಡುವೆ ಕಲ್ಲುಗಳ ಉದ್ದನೆಯ ಸಾಲೊಂದು ಏರ್ಪಡುವುದು.

ಆ ಎತ್ತರದ ಗೋಡೆಗೆ ಏಣಿ ಹಾಕಿ ಅಳೆಯುವಂತಿಲ್ಲ. ಹತ್ತು ವರ್ಷ ಕಾದು ನೋಡಿದರೂ ದೊಡ್ಡ ಕುಸಿತ ಒಂದೂ ಆಗದಿರಬಹುದು. ಆದುದರಿಂದ ಕೆಳಗೆ ಬಿದ್ದ ಕಲ್ಲನ್ನೇ ಸಾಕ್ಷಿಯಾಗಿ ಕರೆಯಬೇಕು.

ಆಕಾಶದಿಂದ ವಿಶ್ವಕಿರಣಗಳು ಭೂಮಿಯ ಮೇಲೆ ಸದಾ ಸುರಿಯುತ್ತಿವೆ. ಅವುಗಳಿಂದ ಹುಟ್ಟಿದ ಕಣಗಳು ಬೆಣಚುಕಲ್ಲಿನೊಳಗಿನ ಆಮ್ಲಜನಕದ ಪರಮಾಣುವನ್ನು ಒಡೆದಾಗ ಬೆರಿಲಿಯಂ-10 ಎಂಬ ಅಪರೂಪದ ಪರಮಾಣು ಉಂಟಾಗುವುದು. ಇದು ಬಹುಮಟ್ಟಿಗೆ ಬಂಡೆಯ ಹೊರಮೈಯಿಂದ ಒಂದೆರಡು ಮೀಟರ್ ಒಳಗಿನವರೆಗೆ ಮಾತ್ರ ನಡೆಯತಕ್ಕದ್ದು. ಮಳೆಯಲ್ಲಿ ಹೆಚ್ಚು ಹೊತ್ತು ನಿಂತವನ ಬಟ್ಟೆ ಹೆಚ್ಚು ನೆನೆದಿರುವಂತೆ, ಹೊರಮೈಯ ಬಳಿ ಹೆಚ್ಚು ಕಾಲವಿದ್ದ ಕಲ್ಲಿನಲ್ಲಿ ಈ ಪರಮಾಣುಗಳು ಹೆಚ್ಚು. ಗೋಡೆಯು ಬೇಗನೆ ಸವೆಯುತ್ತಿದ್ದರೆ ಕಡಿಮೆ. ಕಲ್ಲುಸಾಲಿನಿಂದ ಮಾದರಿಗಳನ್ನು ಆಯ್ದು, ಬೆಣಚನ್ನು ಬೇರ್ಪಡಿಸಿ, ಪರಮಾಣುಗಳನ್ನು ಎಣಿಸುವರು. ಹಿಮನದಿಯ ಮೇಲೆ ಸಾಗುವಾಗ ಸೇರಿದ ಪಾಲನ್ನು ಕಳೆದರೆ ಗೋಡೆಯ ಸವೆತದ ವೇಗ ದೊರೆಯುವುದು.

ಹಿಮಾಚಲ ಪ್ರದೇಶದ ಛೋಟಾ ಶಿಗ್ರಿ ಹಿಮನದಿಯಲ್ಲಿ ಇಂತಹ ಮಾಪನ ನಡೆದಿದೆ. ಅಲ್ಲಿನ ಗೋಡೆಗಳ ಸವೆತವು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್.

ಇಷ್ಟೇ ತಾನೆ ಎಂದು ನಿಶ್ಚಿಂತರಾಗುವಂತಿಲ್ಲ. ಇದು ನೂರಾರು ವರ್ಷಗಳ ಸರಾಸರಿ. ಬೆಟ್ಟವು ಪ್ರತಿವರ್ಷವೂ ತಪ್ಪದೆ ಒಂದೊಂದು ಮಿಲಿಮೀಟರ್ ಕಂತು ಕಟ್ಟುವುದಿಲ್ಲ. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯ ರೋಂತಿ ಶಿಖರದಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆಯೂ ಮಂಜುಗಡ್ಡೆಯೂ ಒಮ್ಮೆಲೇ ಕಳಚಿ ಬಿದ್ದವು. ಅದರಲ್ಲಿ ಬಹುಪಾಲು ಬಂಡೆಯೇ. ಕೆಳಗಿನ ಕಣಿವೆಯಲ್ಲಿ 200ಕ್ಕೂ ಹೆಚ್ಚು ಜನರು, ಅವರಲ್ಲಿ ಅನೇಕರು ಜಲವಿದ್ಯುತ್ ಯೋಜನೆಗಳ ಕೆಲಸಗಾರರು, ಮೃತರಾದರು ಅಥವಾ ಕಾಣೆಯಾದರು. ಕಳಚಿದ ಭಾಗದ ಸರಾಸರಿ ದಪ್ಪ ಸುಮಾರು 80 ಮೀಟರ್. ವರ್ಷಕ್ಕೆ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಅಷ್ಟು ದಪ್ಪ ಸವೆಯಲು ಎಷ್ಟು ವರ್ಷ ಬೇಕು? ವಿದ್ಯಾರ್ಥಿಗಳೇ ಗುಣಿಸಿ ನೋಡಲಿ: 80,000 ವರ್ಷ!

ಸರಾಸರಿಯು ಬೆಟ್ಟದ ಆಯುಷ್ಯವನ್ನು ತಿಳಿಸುವುದು; ಬಂಡೆ ಬೀಳುವ ದಿನವನ್ನು ತಿಳಿಸದು. ಆದುದರಿಂದಲೇ ಕಣಿವೆಯಲ್ಲಿ ಮನೆಯನ್ನಾಗಲಿ ಅಣೆಕಟ್ಟನ್ನಾಗಲಿ ಕಟ್ಟುವವರು ಲೆಕ್ಕವನ್ನು ಕಲಿತರೆ ಸಾಲದು, ಲೆಕ್ಕದ ಮಿತಿಯನ್ನೂ ಅರಿತಿರಬೇಕು. ನಮ್ಮ ಶಾಲೆಯ ಮಕ್ಕಳು ಇವೆರಡನ್ನೂ ಕಲಿಯಲೆಂದು ಹಾರೈಸುವೆವು.