ಸಬ್ಬಸಿಗೆ ಸೊಪ್ಪಿನ ಬೇಸಾಯವೂ ಬೀಜಸಂಗ್ರಹಣವೂ

ಅಕ್ಕಿರೊಟ್ಟಿಗೂ ಅವರೆಕಾಳಿನ ಹುಳಿಗೂ ಪರಿಮಳವನ್ನು ಕೊಡುವ ಸಬ್ಬಸಿಗೆಯು ಮೈಸೂರು ಸೀಮೆಯ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೊಪ್ಪು. ಬಾಣಂತಿಯರ ಆಹಾರದಲ್ಲಿಯೂ ಇದಕ್ಕೆ ಸ್ಥಾನವುಂಟು. ಇದನ್ನು ಬೆಳೆಯುವುದು ಸುಲಭ. ಬೀಜವನ್ನು ಉಳಿಸಿಕೊಳ್ಳುವುದರಲ್ಲಿ ಮಾತ್ರ ಎಚ್ಚರವಿರಬೇಕು. ಎಲ್ಲ ಗಿಡಗಳನ್ನೂ ಸೊಪ್ಪಿಗಾಗಿ ಕಿತ್ತುಬಿಟ್ಟರೆ ಮರುವರ್ಷ ಅಂಗಡಿಯ ಬೀಜವನ್ನೇ ನಂಬಬೇಕಾಗುತ್ತದೆ. ಅದು ಹಳೆಯದಾಗಿದ್ದು ಮೊಳೆಯದೆ ಹೋದರೆ ಗೊಬ್ಬರವೂ ದುಡಿಮೆಯೂ ಬಿತ್ತನೆಯ ಕಾಲವೂ ವ್ಯರ್ಥವಾಗುವುವು.

ಕಾಲ ಮತ್ತು ಭೂಮಿ:— ಮಳೆಗಾಲ ಕಳೆದ ಮೇಲಿನ ತಂಪು ತಿಂಗಳುಗಳು ಈ ಬೆಳೆಗೆ ಉತ್ತಮ. ಬಿಸಿಲು ಬಲಿತಾಗ ಗಿಡವು ಬೇಗನೆ ಹೂವಿಗೆ ಬಂದು ಸೊಪ್ಪು ಕಡಮೆಯಾಗುತ್ತದೆ. ನೀರು ನಿಲ್ಲದ ಸಡಿಲವಾದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಹೆಂಟೆಗಳನ್ನೊಡೆದು ಮಡಿಗಳನ್ನು ಮಾಡತಕ್ಕದ್ದು.

ಬೀಜಪರೀಕ್ಷೆ:— ಬಿತ್ತುವ ಮುನ್ನ 50 ಬೀಜಗಳನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಡಬೇಕು. ಬಟ್ಟೆಯು ಒಣಗದಂತೆ ನೋಡಿಕೊಂಡರೆ ಎರಡು ವಾರಗಳೊಳಗೆ ಅವುಗಳ ಗುಣವು ತಿಳಿಯುವುದು. ಅರ್ಧಕ್ಕಿಂತ ಕಡಮೆ ಮೊಳೆತರೆ ಬೇರೆ ಬೀಜವನ್ನು ಹುಡುಕುವುದು ಲೇಸು.

ಬಿತ್ತನೆ:— ಈ ಗಿಡದ ತಾಯಿಬೇರು ನೇರವಾಗಿ ಕೆಳಗಿಳಿಯುವುದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ. ಆದುದರಿಂದ ಬೆಳೆಯಬೇಕಾದ ಸ್ಥಳದಲ್ಲಿಯೇ ಬಿತ್ತತಕ್ಕದ್ದು. ಒಂದಡಿ ಅಂತರದ ಸಾಲುಗಳಲ್ಲಿ ಬೀಜವನ್ನು ತೆಳುವಾಗಿ ಉದುರಿಸಿ, ಕಾಲು ಅಂಗುಲದಷ್ಟು ಪುಡಿಮಣ್ಣನ್ನು ಮುಚ್ಚಿ, ಬೀಜವು ಕೊಚ್ಚಿಹೋಗದಂತೆ ಮೆಲ್ಲನೆ ನೀರು ಚಿಮುಕಿಸಬೇಕು. ಒಂದೇ ಸಲ ಎಲ್ಲವನ್ನೂ ಬಿತ್ತದೆ, ಎರಡು ಮೂರು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಎಳೆಸೊಪ್ಪು ಎಡೆಬಿಡದೆ ದೊರೆಯುವುದು. ಸಸಿಗಳು ಒತ್ತಾದೆಡೆ ನಡುವಣವುಗಳನ್ನು ಕಿತ್ತು ಅಡಿಗೆಗೆ ಉಪಯೋಗಿಸಬಹುದು.

ಕುಂಡಗಳಲ್ಲಿ:— ಹಿತ್ತಲಿಲ್ಲದವರು ಒಂದಡಿ ಆಳದ ಕುಂಡವನ್ನಾಗಲಿ, ತಳದಲ್ಲಿ ರಂಧ್ರಗಳನ್ನು ಮಾಡಿದ ಹಳೆಯ ತಗಡಿನ ಡಬ್ಬವನ್ನಾಗಲಿ ಬಳಸಬಹುದು. ಆಳ ಕಡಮೆಯಾದರೆ ಬೇರಿಗೆ ಎಡೆಯಿರುವುದಿಲ್ಲ. ಕುಂಡದ ಮಣ್ಣು ಬೇಗ ಆರುವುದರಿಂದ ದಿನವೂ ಮುಟ್ಟಿ ನೋಡಿ ನೀರು ಹಾಕುವುದು ಯುಕ್ತ.

ಕೊಯ್ಲು:— ಬಿತ್ತಿದ ಸುಮಾರು 40 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಗಿಡವನ್ನು ಕೀಳದೆ ಹೊರಗಿನ ಎಲೆಗಳನ್ನು ಮಾತ್ರ ಚಿವುಟಿದರೆ ಮತ್ತೆ ಚಿಗುರುವುದು. ಹೇನು ಹತ್ತಿದರೆ ಸಾಬೂನಿನ ತಿಳಿನೀರನ್ನು ಎರಚಿ, ಸೊಪ್ಪನ್ನು ಚೆನ್ನಾಗಿ ತೊಳೆದು ಬಳಸತಕ್ಕದ್ದು.

ಬೀಜ:— ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಬಿತ್ತಿದ ಗಿಡಗಳ ಪೈಕಿ ಪುಷ್ಟವಾದ, ತಡವಾಗಿ ಹೂಬಿಡುವ ಹತ್ತು ಹನ್ನೆರಡನ್ನು ಎಲೆ ಚಿವುಟದೆ ಬೀಜಕ್ಕಾಗಿ ಬಿಡಬೇಕು. ಅವಸರದಿಂದ ಹೂವಿಗೆ ಬಂದವುಗಳ ಬೀಜವನ್ನೇ ಇಟ್ಟುಕೊಂಡರೆ ಮುಂದಿನ ಬೆಳೆಯಲ್ಲಿಯೂ ಸೊಪ್ಪು ಕಡಮೆಯಾದೀತು. ಕೊಡೆಯಾಕಾರದ ಗೊಂಚಲುಗಳು ಎಲ್ಲವೂ ಒಮ್ಮೆಗೇ ಮಾಗುವುದಿಲ್ಲ. ಕಂದುಬಣ್ಣಕ್ಕೆ ತಿರುಗಿದವುಗಳನ್ನು, ಬೀಜವು ಉದುರದಂತೆ, ಇಬ್ಬನಿಯ ತೇವವಿರುವ ಮುಂಜಾನೆಯಲ್ಲಿ ಕತ್ತರಿಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಒಣಗಿಸಿ ಬಡಿಯಬೇಕು. ತೇವ ತಗಲದ ಬಾಯಿ ಬಿಗಿದ ಪಾತ್ರೆಯಲ್ಲಿಟ್ಟು, ಬೆಳೆದ ವರ್ಷವನ್ನು ಅದರ ಮೇಲೆ ಬರೆದಿಡುವುದು ಒಳ್ಳೆಯದು.

ಗ್ರಾಮದ ಮುಖಂಡರು ತಮ್ಮ ತೋಟದಲ್ಲಿ ಒಂದು ಮಡಿಯನ್ನು ಬೀಜಕ್ಕೆಂದೇ ಮೀಸಲಿಟ್ಟರೆ ನೆರೆಹೊರೆಯ ಮನೆಗಳಿಗೂ ಹಿಡಿ ಹಿಡಿ ಹೊಸ ಬೀಜವನ್ನು ಹಂಚಬಹುದು. ಒಬ್ಬರ ಮನೆಯಲ್ಲಿ ಬೆಳೆ ಕೆಟ್ಟರೂ ಮತ್ತೊಬ್ಬರಲ್ಲಿ ಬೀಜವು ಉಳಿದಿರುವುದು.