ಅಗ್ಗದ ಆ್ಯಪ್‌ನಲ್ಲಿ ಎಲ್ಲ ಚಾನೆಲ್: ಸರಿಯೇ?

ಪ್ರಶ್ನೆ: ವರ್ಷಕ್ಕೊಮ್ಮೆ ಸ್ವಲ್ಪ ದುಡ್ಡು ಕೊಟ್ಟರೆ ಎಲ್ಲ ಚಾನೆಲ್, ಹೊಸ ಸಿನಿಮಾ ತೋರಿಸುವ ಆ್ಯಪ್ ಹಾಕಿಸಿಕೊಳ್ಳಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಇಂಟರ್‌ನೆಟ್‌ನಲ್ಲಿ ಟಿವಿ ನೋಡುವುದು ತಪ್ಪಲ್ಲ, ಹಕ್ಕು ಪಡೆಯದೆ ತೋರಿಸಿ ದುಡ್ಡು ಮಾಡುವುದು ಅಪರಾಧ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಹಕ್ಕಿನ ಬಿಗಿ ಎಷ್ಟೆಂದರೆ, ನಮ್ಮದೇ ಜಿಲ್ಲೆಯ ಕೆರಾಡಿಯಲ್ಲಿ ಚಿತ್ರೀಕರಣವಾದ ‘ಕಾಂತಾರ’ 2022ರ ನವೆಂಬರ್ 24ರಂದು ಅಮೆಜಾನ್ ಪ್ರೈಮ್‌ಗೆ ಬಂದಾಗ ‘ವರಾಹ ರೂಪಂ’ ಹಾಡಿನ ರಾಗವೇ ಬೇರೆಯಾಗಿತ್ತು. ಅದು ತಮ್ಮ ಹಾಡಿನ ನಕಲು ಎಂದು ಕೇರಳದ ಸಂಗೀತ ತಂಡ ತೈಕ್ಕುಡಂ ಬ್ರಿಡ್ಜ್ ಹೂಡಿದ್ದ ದಾವೆಯಲ್ಲಿ ಅಲ್ಲಿನ ನ್ಯಾಯಾಲಯ ಚಿತ್ರದ ಮೂಲ ಹಾಡಿಗೆ ತಡೆ ನೀಡಿತ್ತು. ದುಡ್ಡು ಕೊಟ್ಟು ಹಕ್ಕು ಪಡೆದ ಸಂಸ್ಥೆಗೇ ಈ ಕಟ್ಟುಪಾಡು! ಕರಾವಳಿಯ ಕೆಲವೇ ಥಿಯೇಟರುಗಳನ್ನು ನಂಬಿರುವ ತುಳು ಸಿನಿಮಾಕ್ಕಂತೂ ಕಳ್ಳ ಪ್ರತಿ ದೊಡ್ಡ ಏಟು. ಮಾರುವವರ ಹತ್ತಿರ ಬಿಲ್ ಕೇಳಿ; ಕೊಡದಿದ್ದರೆ ಹಾಕಿಸಿಕೊಳ್ಳಬೇಡಿ.